ಹೊಸ ಸೊಸೆ ಕೆಲಸ ಕಲಿತ ಮಧ್ಯಾಹ್ನ

ನಿಂಬೆಹಣ್ಣಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಉಪ್ಪಿನಕಾಯಿಯ ನಿಂಬೆಹಣ್ಣಲ್ಲ, ಯಂತ್ರಗಳಿಗೆ ಕಟ್ಟುವ ನಿಂಬೆಹಣ್ಣು. ಚಳ್ಳಕೆರೆಯ ಹೊರಗಿರುವ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ರೊಬೊಟಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಪಾಠ ಹೇಳುವವರು ಬೇರೆ ಇದ್ದಾರೆ. ಲ್ಯಾಬಿನ ಬೀಗ, ಸ್ಟಾಕ್ ರಿಜಿಸ್ಟರು, ಸುಟ್ಟುಹೋದ ಮೋಟಾರು, ಅದಕ್ಕೆ ಬರುವ ಬೈಗುಳ, ಇವು ನನ್ನ ಪಾಲಿನವು. ಒಂದು ವರ್ಷ ಆಯುಧಪೂಜೆಯಲ್ಲಿ ನಮ್ಮ ಅಟೆಂಡರ್ ಭಕ್ತಿ ಹೆಚ್ಚಾಗಿ ರೊಬೊಟಿನ ಕ್ಯಾಮೆರಾ ಕಣ್ಣಿಗೇ ಕುಂಕುಮ ಮೆತ್ತಿಬಿಟ್ಟರು. ಅದು ಮೂರು ದಿನ ಎದುರಿಗಿಟ್ಟ ಒಂದು ಡಬ್ಬಿಯನ್ನೂ ಗುರುತಿಸದೆ ಪೆದ್ದು ಪೆದ್ದಾಗಿ ನಿಂತಿತ್ತು. ಆವತ್ತು ನಾನು ಎಗರಾಡಿದ್ದನ್ನು ಕಾಲೇಜಿನವರು ಇನ್ನೂ ಮರೆತಿಲ್ಲ.

ಯಾರಾದರೂ ಗಾಳಿ ಸೋಂಕಿತು, ಸತ್ತವರು ಬಂದು ಹೇಳಿದರು ಎಂದು ಶುರು ಮಾಡಿದರೆ ನಾನು ಎದ್ದು ಟೀ ಕುಡಿಯಲು ಹೋಗುವವಳು. ಇದನ್ನು ಮೊದಲೇ ಹೇಳುತ್ತಿದ್ದೇನೆ. ಯಾಕೆಂದರೆ ಮುಂದಿನದನ್ನು ಓದಿ ನೀವು ನನ್ನ ಬಗ್ಗೆ ಏನಂದುಕೊಳ್ಳುತ್ತೀರೋ, ಅದನ್ನೇ ನಾನು ಬೇರೆಯವರ ಬಗ್ಗೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಮ್ಮ ಲ್ಯಾಬಿನಲ್ಲಿ ಇರುವ ದೊಡ್ಡ ಸಾಮಾನು ಒಂದೇ. ಮೇಜಿನ ಮೇಲೆ ಕೂರಿಸಿದ, ಆರು ಕೀಲುಗಳ ಒಂದು ಯಂತ್ರದ ಕೈ. ಎಲ್ಲಿಂದಲೋ ಅನುದಾನ ಬಂದು ಅದನ್ನು ಕೊಂಡರು. ಆಮೇಲೆ ಅದಕ್ಕೊಂದು ಹಳೇ ಬೆಡ್‌ಶೀಟ್ ಹೊದಿಸಿ, ತಪಾಸಣೆಯವರು ಬಂದಾಗ ಮಾತ್ರ ತೆಗೆಯುತ್ತಿದ್ದರು. ನಾನು ಬಂದ ಮೇಲೆ ಬೆಡ್‌ಶೀಟನ್ನು ನೆಲ ಒರೆಸಲು ಕೊಟ್ಟೆ. ಆ ಕೈಗೆ ಕೆಲಸ ಕಲಿಸುವ ಕ್ರಮ ನನಗೆ ಬಹಳ ಇಷ್ಟ. ಅದರ ಮಣಿಕಟ್ಟಿನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿದರೆ ಕೀಲುಗಳೆಲ್ಲ ಸಡಿಲವಾಗುತ್ತವೆ. ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವ ಹಾಗೆ ಅದರ ಕೈ ಹಿಡಿದು ಒಂದು ಸಲ ಕೆಲಸ ಮಾಡಿಸಬೇಕು. ಆಮೇಲೆ ಅದು ನೆನಪಿಟ್ಟುಕೊಂಡು ತಾನೇ ಮಾಡುತ್ತದೆ. ಆದರೆ ಕರೆಂಟ್ ಇಲ್ಲದಾಗ ಕೀಲುಗಳು ಬಿಗಿದುಕೊಂಡುಬಿಡುತ್ತವೆ. ಇಬ್ಬರು ಜೋತುಬಿದ್ದರೂ ಒಂದು ಬೆರಳಷ್ಟು ಅಲುಗುವುದಿಲ್ಲ. ಈ ಮಾತು ನಿಮಗೆ ನೆನಪಿರಲಿ.

ನನ್ನ ತವರು ಮೊಳಕಾಲ್ಮೂರು. ನಮ್ಮ ಮನೆಯ ಗೋಡೆಗೆ ಗೋಡೆ ತಾಗಿದ ಮನೆ ನರಸಪ್ಪ ಮಾವನದು. ರಕ್ತಸಂಬಂಧವಿಲ್ಲ, ಬೀದಿಯ ಸಂಬಂಧ. ಅವರು, ಅವರ ಹೆಂಡತಿ ಸುಂಕಮ್ಮತ್ತೆ, ಇಬ್ಬರೂ ರೇಷ್ಮೆ ಸೀರೆ ನೇಯುವವರು. ನಮ್ಮ ಕಡೆಯ ಸೀರೆಯಲ್ಲಿ ಒಡಲಿಗೊಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ. ಎರಡನ್ನೂ ಬಿರುಕಿಲ್ಲದೆ ಬೆಸೆಯಬೇಕಾದರೆ ಮಗ್ಗಕ್ಕೆ ಒಬ್ಬರು ಸಾಲದು. ನೇಯುವವರು ನಡುವೆ ಕೂತರೆ, ಎಡಗಡೆ ಇನ್ನೊಬ್ಬರು ಕೂತು ಅಂಚಿನ ಸಣ್ಣ ಲಾಳಿಯನ್ನು ದಾಟಿಸಿ ಕೊಡುತ್ತಿರಬೇಕು. ಮೂವತ್ತು ವರ್ಷ ಆ ಎಡಗಡೆ ಕೂತವರು ಸುಂಕಮ್ಮತ್ತೆ. ಊರಲ್ಲೆಲ್ಲ ಕನ್ನಡ ಆಡುವ ಆ ಗಂಡಹೆಂಡತಿ ಮಗ್ಗದ ಮುಂದೆ ಕೂತಾಗ ಮಾತ್ರ ತೆಲುಗು. ಅದೂ ಎರಡೆರಡೇ ಮಾತು. ಬೇಸಿಗೆ ರಜೆಯಲ್ಲಿ ಅವರ ಪಡಸಾಲೆಯ ತಣ್ಣನೆ ನೆಲದಲ್ಲಿ ಮಲಗಿ ಆ ಸದ್ದು ಕೇಳುತ್ತ ನಾನು ಎಷ್ಟು ಮಧ್ಯಾಹ್ನ ನಿದ್ದೆ ಹೋಗಿದ್ದೇನೋ ಲೆಕ್ಕವಿಲ್ಲ.

ಅವರ ಒಬ್ಬಳೇ ಮಗಳು ಭಾಗ್ಯಳನ್ನು ರಾಯದುರ್ಗಕ್ಕೆ ಕೊಟ್ಟಿದ್ದಾರೆ. ಅವಳಿಗೆ ಮೂರು ತಿಂಗಳು ಎಂದು ತಿಳಿದ ವಾರವೇ ಅತ್ತೆ, ಸೀಮಂತಕ್ಕೆ ತಾವೇ ನೇಯ್ದ ಸೀರೆ ಉಡಿಸಬೇಕೆಂದು ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿಸಿದರು. ಗಿಳಿಹಸಿರು ಒಡಲು, ಕುಂಕುಮದ ಅಂಚು. ಸೀರೆ ಅರ್ಧ ಆಗಿತ್ತು. ಒಂದು ಬೆಳಿಗ್ಗೆ ನೀರು ಹಿಡಿಯುತ್ತಿದ್ದ ಸುಂಕಮ್ಮತ್ತೆ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ.

ತಿಥಿ ಮುಗಿದ ಮೇಲೆ ನಾನು ಮಾತಾಡಿಸಲು ಹೋದಾಗ ಮಾವ ಅರ್ಧ ಸೀರೆಯ ಮುಂದೆ ಕೂತಿದ್ದರು. ಪಕ್ಕದ ಬೀದಿಯ ಹೆಂಗಸೊಬ್ಬರನ್ನು ಕರೆದು ಎಡಗಡೆ ಕೂರಿಸಿಕೊಂಡು ಎರಡು ದಿನ ನೇಯ್ದು ನೋಡಿದ್ದರಂತೆ. ಅಂಚು ನೆರಿಗೆ ಬಿತ್ತೆಂದು ಅಷ್ಟನ್ನೂ ಬಿಚ್ಚಿಹಾಕಿದ್ದರು. ಸತ್ತವಳ ಕೈಯ ಸೀರೆ ಶುಭಕಾರ್ಯಕ್ಕೆ ಬೇಡ ಎಂದವರೂ ಇದ್ದರು.

"ಅವ್ವನ ಸೀರೆ ಮಗಳಿಗೆ ಅಶುಭ ಆಗ್ತೈತಾ? ನೀನೇ ಹೇಳವ್ವಾ, ಓದಿದಾಕಿ. ಏಳನೇ ತಿಂಗಳಿಗೆ ಇದು ಮುಗೀಬೇಕು. ನಂಗೆ ಬೇರೇನೂ ಬೇಡ" ಎಂದರು.

ಆಗ ನನಗೆ ನಮ್ಮ ಲ್ಯಾಬಿನ ಕೈ ನೆನಪಾಯಿತು. ಕೊನೆಯ ವರ್ಷದ ಹುಡುಗಿ ಚೈತ್ರಾ, ಹತ್ತಿರದ ನನ್ನಿವಾಳ ಊರಿನವಳು, ಪ್ರಾಜೆಕ್ಟಿಗೆ ವಿಷಯ ಸಿಗದೆ ನನ್ನ ತಲೆ ತಿನ್ನುತ್ತಿದ್ದಳು. ಎಡಗಡೆ ಕೂತು ಲಾಳಿ ದಾಟಿಸುವ ಕೆಲಸವನ್ನು ಯಂತ್ರಕ್ಕೆ ಕಲಿಸಿದರೆ ಹೇಗೆ? ಹೇಳಿದೆ. ಚೈತ್ರಾ ಕುಣಿದಳು. ಪ್ರಿನ್ಸಿಪಾಲರು ಮಾತ್ರ ಲ್ಯಾಬಿನ ಸಾಮಾನು ಕಾಂಪೌಂಡ್ ದಾಟಬಾರದು ಎಂದರು. ಹಾಗಾದರೆ ಮಗ್ಗವೇ ಲ್ಯಾಬಿಗೆ ಬರಲಿ ಎಂದೆ. ಹುಡುಗರು ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿದರು. ಮಾವ ಅರ್ಧ ಸೀರೆಯನ್ನು ಹಾಸಿನ ಸಮೇತ ಸುತ್ತಿ, ಹಳೇ ಪಂಚೆಯಲ್ಲಿ ಕಟ್ಟಿ, ಟೆಂಪೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಚಳ್ಳಕೆರೆಯ ತಂಗಿಯ ಮನೆಯಲ್ಲಿ ಉಳಿದುಕೊಂಡರು.

ಮೊದಲ ದಿನ ಯಂತ್ರವನ್ನು ಮೇಲಿಂದ ಕೆಳಗೆ ನೋಡಿ, "ಹೊಸ ಸೊಸೆ ಎತ್ತರವಾಗವಳೆ" ಎಂದರು. ಅಲ್ಲಿಂದ ಅದಕ್ಕೆ ಅದೇ ಹೆಸರು.

ಹೊಸ ಸೊಸೆಗೆ ಕಲಿಸುವವರು ಯಾರು? ಮಾವನೇ ತಾನೆ. ಚೈತ್ರಾ ಗುಂಡಿ ಒತ್ತಿ ಹಿಡಿದಳು, ಮಾವ ಯಂತ್ರದ ಕೈ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು. ನಾಚಿಕೊಂಡವರ ಹಾಗೆ ನನ್ನ ಕಡೆ ತಿರುಗಿದರು.

"ಅವಳು ಏನ್ ಮಾಡ್ತಿದ್ಲು ಅಂತ ನಾ ನೋಡೇ ಇಲ್ಲ ಕಣವ್ವಾ. ಎಡಕ್ಕೆ ತಿರುಗಿದ್ರೆ ಬಡಿತ ತಪ್ತೈತೆ. ಲಾಳಿ ಬರ್ತಿತ್ತು, ನಾ ಬಡೀತಿದ್ದೆ. ಅಷ್ಟೇಯ."

ಮೂವತ್ತು ವರ್ಷ ಜೊತೆಗೆ ಕೂತು ಆ ಕೈಯನ್ನು ಒಂದು ಸಲವೂ ನೋಡಿರಲಿಲ್ಲ. ಅಂದಾಜಿನ ಮೇಲೆ ಕಲಿಸಿದೆವು. ಸೊಸೆ ಲಾಳಿ ದಾಟಿಸುತ್ತಿದ್ದಳು, ತಕ್ಷಣ ಕೈ ಹಿಂದೆಗೆಯುತ್ತಿದ್ದಳು. ಅಂಚು ಮಾತ್ರ ಕೂರಲಿಲ್ಲ. ಚೈತ್ರಾ ವೇಗ ಕೂಡಿಸಿದಳು, ಕಳೆದಳು, ಎತ್ತರ ಬದಲಿಸಿದಳು. ಅಂಚು ಮತ್ತೆ ಹಪ್ಪಳದ ಹಾಗೆ ಸೊಟ್ಟ. "ಏನೋ ಒಂದು ಕಮ್ಮಿ ಐತೆ" ಎನ್ನುವರು ಮಾವ. ಏನು ಎಂದರೆ ಗೊತ್ತಿಲ್ಲ. ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ ಎಂದು ಕೂತರು, ನಾನು ಒಳಗೊಳಗೇ ಕುದ್ದೆ. ಹೀಗೆ ಎರಡು ವಾರ ಹೋಯಿತು. ನೇಯ್ದದ್ದು ಒಂದು ಮೊಳ, ಅದೂ ಮನಸ್ಸಿಲ್ಲದೆ ಉಳಿಸಿಕೊಂಡದ್ದು. ಸೀಮಂತಕ್ಕೆ ಹದಿನೆಂಟು ದಿನ ಉಳಿದಿತ್ತು. ಮಾವ ಸೊಸೆಯನ್ನು ಬೈಯುವುದನ್ನೂ ಬಿಟ್ಟಿದ್ದರು. ಇನ್ನೆರಡು ದಿನ ನೋಡಿ ಹಾಸು ಸುತ್ತಿಕೊಂಡು ಊರಿಗೆ ಹೋಗುತ್ತೇನೆ ಎಂದರು. ಆಸೆ ಹುಟ್ಟಿಸಿ ಕರೆತಂದವಳು ನಾನು. ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಮರುದಿನದ ಮಧ್ಯಾಹ್ನ ಇದು ನಡೆದದ್ದು.

ನಮ್ಮ ಕಡೆ ಮಟಮಟ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ರಾತ್ರಿಗಿಂತ ಆ ಹೊತ್ತೇ ಕೆಟ್ಟದ್ದೆಂದು ಅವ್ವ ಹೇಳುತ್ತಿದ್ದಳು. ಬಿಸಿಲಿಗೆ ಹೆದರಿಸುವ ಉಪಾಯ ಅದು ಎಂದು ನಾನು ನಂಬಿದ್ದೆ, ಈಗಲೂ ಬಹುಪಾಲು ನಂಬುತ್ತೇನೆ. ಆವತ್ತು ಕಿಟಕಿಯಾಚೆ ಒಂದು ಕಾಗೆಯೂ ಇರಲಿಲ್ಲ. ದೂರದಲ್ಲಿ ದನ ಮೇಯುವ ಕಾವಲಿನ ಹುಲ್ಲು ಒಣಗಿ ಬೆಳ್ಳಗಾಗಿ, ಬಿಸಿಲ ಝಳದಲ್ಲಿ ನೀರಿನ ಹಾಗೆ ಕದಲುತ್ತಿತ್ತು. ಹುಡುಗರೂ ಮಾವನೂ ಊಟಕ್ಕೆ ಹೊರಟರು. ಹೋಗುವ ಮುಂಚೆ ಚೈತ್ರಾ, ಎಲ್ಲಿವರೆಗೆ ನೇಯ್ದಿದೆ ಎಂದು ಗೊತ್ತಾಗಲು ಅಂಚಿಗೆ ಒಂದು ಬಿಳಿ ನೂಲು ಕಟ್ಟಿದಳು. ಅದು ಅವಳ ಪದ್ಧತಿ. ನಾನು ಯಂತ್ರದ ಕೆಂಪು ಗುಂಡಿ ಅದುಮಿ ನಿಲ್ಲಿಸಿದೆ. ಅದು ನನ್ನ ಪದ್ಧತಿ. ಆ ಗುಂಡಿಯನ್ನು ತಿರುಗಿಸಿ ಮೇಲೆತ್ತುವವರೆಗೂ ಯಂತ್ರ ಮಿಸುಕುವುದಿಲ್ಲ. ಅವರೆಲ್ಲ ಹೋದ ಮೇಲೆ ಕರೆಂಟೂ ಹೋಯಿತು. ಫ್ಯಾನ್ ನಿಂತಿತು, ಯಂತ್ರದ ಹಸಿರು ದೀಪ ಆರಿತು. ನಮ್ಮ ಯುಪಿಎಸ್ಸಿನ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ಅದಕ್ಕೆ ನಾನು ಬರೆದ ಪತ್ರಗಳು ಆಫೀಸಿನಲ್ಲಿ ಸುಖವಾಗಿ ಮಲಗಿದ್ದವು.

ನಾನು ಮೂಲೆಯ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚಿ ಮುದ್ದೆ ಉಂಡೆ. ಮಾವ ಬೇಗ ಊಟ ಮುಗಿಸಿ ಬಂದರು. ಬಂದವರು ಎಂದಿನಂತೆ ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು, ಹರಿದ ಎಳೆ ಜೋಡಿಸುತ್ತಾರೆ ಎಂದುಕೊಂಡೆ. ಮುದ್ದೆಯ ಭಾರಕ್ಕೆ ಕಣ್ಣೆಳೆಯಿತು. ಗೋಡೆಗೆ ತಲೆ ಆನಿಸಿದೆ.

ಎಷ್ಟು ಹೊತ್ತಾಗಿತ್ತೋ. ಮಗ್ಗದ ಸದ್ದು ಕೇಳಿತು. ಹಲಗೆ ತುಳಿದ ಸದ್ದು, ಲಾಳಿ ಸರಿದ ಸದ್ದು, ಆಮೇಲೆ ಒಂದು ಬಡಿತ. ಎರಡು ವಾರದಿಂದ ಕೇಳುತ್ತಿದ್ದದ್ದೇ. ಆದರೆ ಬಡಿತಕ್ಕೆ ಮುಂಚೆ ಒಂದು ಚಿಕ್ಕ ಬಿಡುವಿತ್ತು, ಯಾರೋ ಉಸಿರು ಹಿಡಿದು ಬಿಟ್ಟ ಹಾಗೆ. ಆ ಬಿಡುವು ನನಗೆ ಎಲ್ಲೋ ಗೊತ್ತಿದ್ದದ್ದು. ಕಣ್ಣು ತೆರೆದೆ.

ಯಂತ್ರದ ಕೈ ಚಲಿಸುತ್ತಿತ್ತು.

ಮೋಟಾರಿನ ಗುಂಯ್‌ ಸದ್ದಿರಲಿಲ್ಲ. ಅದು ಲಾಳಿಯನ್ನು ದಾಟಿಸಿತು. ನಾವು ಕಲಿಸಿದಂತೆ ಕೈ ಹಿಂದೆಗೆಯಲಿಲ್ಲ. ಮಣಿಕಟ್ಟನ್ನು ಒಂದಿಷ್ಟು ಹೊರಳಿಸಿ, ಬೆರಳಿನ ಬೆನ್ನನ್ನು ಅಂಚಿನ ಎಳೆಯ ಮೇಲೆ ಮೆಲ್ಲಗೆ ಇಟ್ಟುಕೊಂಡು ಕಾಯಿತು. ಮಾವ ಬಡಿದರು. ಬಡಿದಾದ ಮೇಲೆ ಅದು ಬೆರಳು ತೆಗೆಯಿತು. ಮತ್ತೆ ಲಾಳಿ, ಮತ್ತೆ ಆ ಕಾಯುವಿಕೆ, ಬಡಿತ. ಮಾವ ಎಡಕ್ಕೆ ತಿರುಗಿ ನೋಡಲಿಲ್ಲ. ಅವರು ಎಂದೂ ನೋಡುವವರಲ್ಲವಲ್ಲ. ಒಂದು ಸಲ ಮಾತ್ರ, "ಇಂಕ ಕೊಂಚೆಂ" ಎಂದರು. ಇನ್ನೂ ಸ್ವಲ್ಪ ಎಂದು. ಸೊಸೆಯ ಜೊತೆ ಅವರು ಆ ದಿನದವರೆಗೆ ಒಂದು ಮಾತೂ ತೆಲುಗಿನಲ್ಲಿ ಆಡಿರಲಿಲ್ಲ. ಬೈದದ್ದೆಲ್ಲ ಕನ್ನಡದಲ್ಲೇ.

ಇಲ್ಲಿ ಬಳೆಯ ಸದ್ದು ಕೇಳಿಸಿತು, ಮಲ್ಲಿಗೆ ಘಮ ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅಂಥದ್ದೇನೂ ಆಗಲಿಲ್ಲ. ನನಗೆ ಭಯವೂ ಆಗಲಿಲ್ಲ. ಎದ್ದು ಕೆಂಪು ಗುಂಡಿಯನ್ನು ನೋಡಬೇಕಿತ್ತು, ನನ್ನ ಉದ್ಯೋಗವೇ ಅದು. ಆದರೆ ಏಳಬೇಕೆನಿಸಲಿಲ್ಲ. ಕಿಟಕಿಯ ಬಿಸಿಲು ಹಸಿರು ರೇಷ್ಮೆಯ ಮೇಲೆ ಬಿದ್ದು ಇಡೀ ಕೋಣೆ ಎಳೆಹಸಿರಾಗಿತ್ತು. ನೆಲ ತಣ್ಣಗಿದೆ, ರಜೆ ಇನ್ನೂ ಬಹಳ ದಿನ ಇದೆ, ಪಕ್ಕದ ಮನೆಯಲ್ಲಿ ಅತ್ತೆ ಮಾವ ನೇಯುತ್ತಿದ್ದಾರೆ ಎನ್ನಿಸಿತು. ಹೇಳಲು ನಾಚಿಕೆ, ನಾನು ಮತ್ತೆ ನಿದ್ದೆ ಹೋದೆ.

"ಮೇಡಂ, ಮೇಡಂ, ಊಟದ ಟೈಮ್ ಮುಗೀತು" ಎಂದು ಚೈತ್ರಾ ಭುಜ ಅಲುಗಿಸಿದಾಗ ಎಚ್ಚರವಾಯಿತು. ಕರೆಂಟ್ ಬಂದು ಫ್ಯಾನ್ ತಿರುಗುತ್ತಿತ್ತು. ಯಂತ್ರ ತನ್ನ ಜಾಗದಲ್ಲಿ ಕೈ ಮಡಚಿ ನಿಂತಿತ್ತು. ಕೆಂಪು ಗುಂಡಿ ನಾನು ಅದುಮಿದ ಹಾಗೇ ಒಳಗಿತ್ತು. ಚೈತ್ರಾ ಮಗ್ಗದ ಹತ್ತಿರ ಹೋದವಳು ಬಗ್ಗಿ ನೋಡಿದಳು. ಅವಳು ಕಟ್ಟಿದ ಬಿಳಿ ನೂಲಿನಿಂದ ಈಚೆಗೆ ಒಂದು ಗೇಣು ನೇಯ್ದಿತ್ತು. ಅಂಚು ನೀರು ನಿಂತ ಹಾಗೆ ಸಮ.

"ಅಜ್ಜಾ, ಒಬ್ರೇ ನೇಯ್ದ್ರಾ?"

"ಒಬ್ನೇ ಎಲ್ಲವ್ವಾ? ಸೊಸೆ ಇವತ್ತು ದಾರಿಗೆ ಬಂದ್ಲು. ನೀವು ಅದೇನ್ ತಿದ್ದಿದ್ರೋ ಏನೋ, ಕೈ ಕೂತೈತೆ ನೋಡು" ಎಂದು ಮಾವ ನಕ್ಕರು. ಅತ್ತೆ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೈತ್ರಾ ನನ್ನ ಕಡೆ ನೋಡಿದಳು. ನಾನೇನೋ ಬದಲಾಯಿಸಿರಬೇಕೆಂದು ಅವಳು ತಿಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಆ ನಗುವಿನ ಮುಂದೆ ಬೇರೇನು ಹೇಳಲಿ?

ಯಂತ್ರ ತಾನು ಮಾಡಿದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತದೆ. ಆವತ್ತಿಗೆ ನೇಯ್ದದ್ದು ಸಾಕೆಂದು ಮಾವನನ್ನು ತಂಗಿಯ ಮನೆಗೆ ಕಳಿಸಿ, ಸಂಜೆ ಅದನ್ನು ತೆಗೆದು ನೋಡಿದೆ. ಊಟದ ಹೊತ್ತಿನ ಜಾಗ ಖಾಲಿ. ಅದರ ನೆನಪಿನಲ್ಲಿ ಹೊಸದೇನೂ ಇರಲಿಲ್ಲ, ಅದೇ ನಮ್ಮ ಹಳೇ ಸೊಟ್ಟ ಪಾಠ. ಎದ್ದು ಕೆಂಪು ಗುಂಡಿಯನ್ನು ತಿರುಗಿಸಿ ಮೇಲೆತ್ತಿದೆ. ಮಣಿಕಟ್ಟಿನ ಗುಂಡಿ ಒತ್ತಿ ಹಿಡಿದು, ಅದರ ಕೈ ಹಿಡಿದು, ಮಧ್ಯಾಹ್ನ ಕಂಡದ್ದನ್ನು ಕಂಡ ಹಾಗೇ ಕಲಿಸಿದೆ. ಲಾಳಿ ದಾಟಿಸು. ಬೆರಳ ಬೆನ್ನು ಇಡು. ಕಾಯು. ಈಗ ತೆಗಿ.

"ಮೇಡಂ, ಆ ಕಾಯೋದು ಯಾಕೆ? ಸುಮ್ನೆ ಎರಡು ಸೆಕೆಂಡ್ ವೇಸ್ಟ್ ಆಗ್ತೈತೆ" ಎಂದಳು ಚೈತ್ರಾ.

"ಆಗ್ಲಿ ಬಿಡು" ಎಂದೆ.

ಅಲ್ಲಿಂದ ಅಂಚು ಸೊಟ್ಟಗಾಗಲಿಲ್ಲ. ಉಳಿದ ಸೀರೆ ಹದಿನೈದೇ ದಿನದಲ್ಲಿ ಮುಗಿಯಿತು. ಚೈತ್ರಾಳ ಪ್ರಾಜೆಕ್ಟಿಗೆ ಒಳ್ಳೆಯ ಹೆಸರು ಬಂತು. ಆ ಎರಡು ಸೆಕೆಂಡಿನ ಬಗ್ಗೆ ಅವಳು ವರದಿಯಲ್ಲಿ ಅರ್ಧ ಪುಟ ಬರೆದು, ಮಾರ್ಗದರ್ಶನಕ್ಕೆ ನನ್ನ ಹೆಸರು ಹಾಕಿದಳು. ಓದುವಾಗ ಕಳ್ಳತನ ಮಾಡಿ ಬಹುಮಾನ ತಗೊಂಡ ಹಾಗಾಯಿತು.

ನನಗೆ ನಾನೇ ಹೇಳಿಕೊಂಡ ಸಮಾಧಾನಗಳು ಬೇಕಾದಷ್ಟಿವೆ. ಮಾವ ಎರಡೂ ಬದಿ ತಾವೇ ಕೈಚಾಚಿ ನೇಯ್ದಿರಬಹುದು, ಮಿಕ್ಕದ್ದೆಲ್ಲ ನಾನು ಕಂಡ ಕನಸು. ಚಿಕ್ಕಂದಿನಲ್ಲಿ ಆ ಪಡಸಾಲೆಯಲ್ಲಿ ಅರೆನಿದ್ದೆಯಲ್ಲಿ ಮಲಗಿ ಸುಂಕಮ್ಮತ್ತೆಯ ಕೈಯನ್ನು ನೋಡಿದ್ದು ಎಲ್ಲೋ ತಳದಲ್ಲಿ ಉಳಿದಿದ್ದು, ಆ ಮಧ್ಯಾಹ್ನ ಮೇಲೆ ತೇಲಿರಬಹುದು. ಇದು ಒಪ್ಪುವಂಥ ಮಾತು. ಬೇರೆ ಯಾರಾದರೂ ಬಂದು ಈ ಕಥೆ ಹೇಳಿದ್ದರೆ ನಾನೇ ಹೀಗೆ ಬಿಡಿಸಿ ಹೇಳಿ ಟೀ ಕುಡಿಯಲು ಏಳುತ್ತಿದ್ದೆ. ರಾಯದುರ್ಗಕ್ಕೆ ಹೋಗಿರದಿದ್ದರೆ ಇಷ್ಟಕ್ಕೇ ಸುಮ್ಮನೂ ಆಗುತ್ತಿದ್ದೆ.

ಸೀಮಂತಕ್ಕೆ ಮಾವ ನನ್ನನ್ನೂ ಕರೆದುಕೊಂಡು ಹೋದರು. ಭಾಗ್ಯ ಹಸಿರು ಸೀರೆ ಉಟ್ಟು ಹೆಂಗಸರ ನಡುವೆ ಕೂತಿದ್ದಳು. ನೇಕಾರರ ಮನೆಯಲ್ಲಿ ಹುಟ್ಟಿ ಅವ್ವನ ಮಗ್ಗಲಲ್ಲೇ ಆಡಿ ಬೆಳೆದವಳು. ನಾನು ಬಳೆ ತೊಡಿಸಲು ಕೂತಾಗ ಅವಳು ನನ್ನ ಕೈ ಹಿಡಿದು, ನೆರಿಗೆ ಬಿಡಿಸಿ, ನನ್ನ ಬೆರಳನ್ನು ಅಂಚಿನ ಮೇಲೆ ಇಟ್ಟಳು. ಪಿಸುಮಾತಿನಲ್ಲಿ ಹೇಳಿದಳು.

"ಇಲ್ಲೀತನಕ ಅವ್ವಂದು. ಇಲ್ಲಿ ಯಾರೋ ಹೊಸಬ್ರು ಕೂತವ್ರೆ, ಕೈ ಬಂದಿಲ್ಲ. ಇಲ್ನೋಡಕ್ಕಾ, ಈ ಒಂದು ಗೇಣು ಮತ್ತೆ ಅವ್ವಂದೇ. ಅದ್ಹೆಂಗಕ್ಕಾ, ನಡುವೆ ಬಿಟ್ಟು ನೇಯ್ದಿದ್ಲಾ?"

ನಾನು ಬೆರಳನ್ನು ಅದರಾಚೆಗೆ ಸರಿಸಿದೆ. "ಆಮೇಲಿಂದು?" ಎಂದೆ.

ಅವಳು ಸೆರಗಿನವರೆಗೂ ಬೆರಳಾಡಿಸಿದಳು. "ಅದು ಅವ್ವನ ಕೈಯಲ್ಲಿ ಕಲ್ತೋರ್ದು. ಯಾರಕ್ಕಾ?"

ಬಾಗಿಲ ಹತ್ತಿರ ಗಂಡಸರ ಜೊತೆ ನಿಂತಿದ್ದ ಮಾವನಿಗೆ ಕಡೆಯ ಮಾತು ಕೇಳಿಸಿತು. ಅಲ್ಲಿಂದಲೇ ಹೆಮ್ಮೆಯಿಂದ ಕೂಗಿದರು: "ನಮ್ಮ ಹೊಸ ಸೊಸೆ ಕಣಮ್ಮಾ! ಒಂದಿನ ಮಧ್ಯಾಹ್ನ ಇದ್ದಕ್ಕಿದ್ದಂಗೆ ಕಲ್ತುಬಿಟ್ಲು."

ಹೆಂಗಸರು ನಕ್ಕರು. ಭಾಗ್ಯ ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ ಬಳೆ ತೊಡಿಸಿದೆ.

ಅವಳ ಮಗಳಿಗೆ ಈಗ ಎರಡು ವರ್ಷ. ಮಾವ ಚಳ್ಳಕೆರೆಗೆ ಬಂದಾಗಲೆಲ್ಲ ಲ್ಯಾಬಿಗೆ ಬಂದು ಸೊಸೆಯನ್ನು ಮಾತಾಡಿಸಿ ಹೋಗುತ್ತಾರೆ. ಆವತ್ತು ಕರೆಂಟ್ ಇರಲಿಲ್ಲ ಎಂದು ನಾನು ಅವರಿಗೆ ಇನ್ನೂ ಹೇಳಿಲ್ಲ.